ಮನೆ ತಪಾಸಣೆ: ಕಂಡದ್ದೆಷ್ಟು, ಕಾಣದ್ದೆಷ್ಟು

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಕೀಲಿಕೈ ಪಡೆಯುವ ಮುನ್ನ ಹೊರಗಿನ ತಪಾಸಣೆಗಾರರನ್ನು ಕರೆಸಿ ಮನೆ ತೋರಿಸುವುದು ಈಚಿನ ವರ್ಷಗಳಲ್ಲಿ ರೂಢಿಯಾಗುತ್ತಿದೆ. ಒಬ್ಬಿಬ್ಬರು ಎಂಜಿನಿಯರುಗಳು ಬಂದು, ಕೆಲವು ಗಂಟೆ ಕೋಣೆ ಕೋಣೆ ಸುತ್ತಿ, ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಸ್ವಿಚ್ಚು ಒತ್ತಿ, ಫೋಟೋ ತೆಗೆದು, ಕೆಲವೇ ದಿನಗಳಲ್ಲಿ ದಪ್ಪನೆಯ ವರದಿಯೊಂದನ್ನು ಕಳಿಸುತ್ತಾರೆ. ಆ ವರದಿಯನ್ನು ಕೊಂಡವರು ಓದುವ ರೀತಿ ಬಹುಮಟ್ಟಿಗೆ ಎರಡು. ಕುಂದುಗಳ ಪಟ್ಟಿ ಚಿಕ್ಕದಿದ್ದರೆ ಮನೆ ಪಾಸಾಯಿತು ಎಂದು ನಿಟ್ಟುಸಿರು ಬಿಡುತ್ತಾರೆ. ಮೊದಲ ಮಳೆಗಾಲದಲ್ಲೇ ಗೋಡೆ ನೆನೆದರೆ ತಪಾಸಣೆಗೆ ಕೊಟ್ಟ ಹಣ ದಂಡವಾಯಿತು ಎಂದು ಹಲುಬುತ್ತಾರೆ. ಆ ನೆಮ್ಮದಿ, ಈ ಕೊರಗು ಎರಡೂ ಹುಟ್ಟುವುದು ತಪಾಸಣೆಯೆಂದರೆ ಮನೆಗೆ ಸಿಗುವ ಖಾತರಿ ಎಂಬ ಒಂದೇ ತಪ್ಪು ಕಲ್ಪನೆಯಿಂದ. ನಿಜದಲ್ಲಿ ಅದು ಒಂದು ನಿರ್ದಿಷ್ಟ ದಿನ ಕಣ್ಣಿಗೆ ಕಂಡ, ಕೈಗೆ ಎಟುಕಿದ ಭಾಗಗಳ ಬಗ್ಗೆ ತಿಳಿದವರು ಬರೆದುಕೊಡುವ ಸಾಕ್ಷ್ಯ. ಏನು ಕಂಡಿತೆಂದು ಹೇಳುವುದು ಎಷ್ಟು ಮುಖ್ಯವೋ ಏನು ಕಾಣಲಿಲ್ಲವೆಂದು ಹೇಳುವುದೂ ಸಾಕ್ಷಿಗೆ ಅಷ್ಟೇ ಮುಖ್ಯ. ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ದಾಖಲಿಸಿ, ಆ ಮಿತಿಯಾಚೆ ಯಾರನ್ನು ಏನು ಕೇಳಬೇಕೆಂದು ದಾರಿ ತೋರಿಸುವ ತಪಾಸಣೆಯೇ ಒಳ್ಳೆಯ ತಪಾಸಣೆ ಎಂಬುದು ಈ ಲೇಖನದ ವಾದ.

ಈ ವೃತ್ತಿಗೆ ಸ್ಪಷ್ಟ ರೂಪ ಬಂದದ್ದು ಅಮೆರಿಕದಲ್ಲಿ. 1976ರಲ್ಲಿ ಅಲ್ಲಿ ಸ್ಥಾಪನೆಯಾದ ‘ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್‌ಸ್ಪೆಕ್ಟರ್ಸ್’ ಎಂಬ ಸಂಘ, ತಪಾಸಣೆಗಾರರು ಏನನ್ನು ನೋಡಲೇಬೇಕು, ಏನು ಅವರ ಹೊಣೆಯಲ್ಲ ಎಂಬ ಮಾನದಂಡವನ್ನು ರೂಪಿಸಿತು. ಕಟ್ಟಡದ ರಚನೆ, ಚಾವಣಿ, ಹೊರಗೋಡೆ, ನೀರಿನ ಕೊಳವೆ, ವಿದ್ಯುತ್ತು, ಬಿಸಿ ಮತ್ತು ತಂಪಿನ ವ್ಯವಸ್ಥೆ, ಒಳಾಂಗಣ, ಗಾಳಿಯಾಟ ಇವು ನೋಡಲೇಬೇಕಾದವು. ನೋಟ ಮಾತ್ರ ಸುಲಭವಾಗಿ ತಲುಪಬಹುದಾದ ಜಾಗಕ್ಕೆ ಸೀಮಿತ. ಗೋಡೆ ಒಡೆಯುವಂತಿಲ್ಲ, ಮನೆಯವರ ಸಾಮಾನು ಸರಿಸಬೇಕಾಗಿಲ್ಲ. ಮನೆಯ ಬೆಲೆ ಎಷ್ಟು, ಕೊಳ್ಳಬಹುದೇ ಬೇಡವೇ, ಕಟ್ಟಡ ನಿಯಮಗಳಿಗೆಲ್ಲ ಹೊಂದುತ್ತದೆಯೇ, ಯಾವ ಭಾಗ ಇನ್ನೆಷ್ಟು ವರ್ಷ ಬಾಳೀತು ಎಂಬ ಲೆಕ್ಕ ಇವು ತಪಾಸಣೆಯ ಹೊರಗಿನ ವಿಷಯಗಳು. ಗೆದ್ದಲು, ಬಾವಿಯ ನೀರು, ಶೌಚಗುಂಡಿ, ಕಲ್ನಾರು, ರೇಡಾನ್ ಅನಿಲ ಮುಂತಾದವುಗಳ ಪರೀಕ್ಷೆ ಬೇರೆ ಒಪ್ಪಂದದ ಕೆಲಸ. ಇದೇ ಮಾನದಂಡದಲ್ಲಿ ಇನ್ನೊಂದು ಕಟ್ಟಳೆಯೂ ಇದೆ: ನೋಡಬೇಕಾಗಿದ್ದ ಭಾಗವೊಂದನ್ನು ನೋಡಲಾಗದೆ ಹೋದರೆ ಆ ಸಂಗತಿಯನ್ನೂ ಅದರ ಕಾರಣವನ್ನೂ ವರದಿಯಲ್ಲಿ ಬರೆಯಬೇಕು. ಹೊರಗಿಡುವ ಪಟ್ಟಿಯನ್ನು ಮಾತ್ರ ಎತ್ತಿಕೊಂಡು ಈ ಕಟ್ಟಳೆಯನ್ನು ಬಿಟ್ಟುಬಿಟ್ಟರೆ ರಕ್ಷಣೆ ಸಿಗುವುದು ತಪಾಸಣೆಗಾರರಿಗೆ. ಕೊಳ್ಳುವವರು ಮೊದಲಿದ್ದಲ್ಲೇ ಉಳಿಯುತ್ತಾರೆ.

ಆ ದೇಶದಲ್ಲಿ ತಪಾಸಣೆ ಬೇರೂರಲು ನ್ಯಾಯಾಲಯಗಳೂ ಕಾರಣವಾದವು. ಕ್ಯಾಲಿಫೋರ್ನಿಯಾದಲ್ಲಿ ಒಂದು ಮನೆಯ ಜಾಗ ಸರಿಯಾಗಿ ದಮ್ಮಸು ಮಾಡದ ತುಂಬು ಮಣ್ಣಿನ ಮೇಲಿತ್ತು. ಮಾರಾಟವಾದ ಮೇಲೆ ಮಣ್ಣು ಜಾರಿ ಮನೆಗೆ ಭಾರಿ ಹಾನಿಯಾಯಿತು. ಹಿಂದೆಯೂ ಅಲ್ಲಿ ಮಣ್ಣು ಕುಸಿದಿತ್ತೆಂಬುದನ್ನು ಮಾರಿದವರು ಹೇಳಿರಲಿಲ್ಲ. ಇಳಿಜಾರಿಗೆ ಹೊದಿಸಿದ್ದ ಬಲೆ, ಮಟ್ಟ ತಪ್ಪಿದ ನೆಲದಂಥ ಸುಳಿವುಗಳು ದಲ್ಲಾಳಿಗಳ ಕಣ್ಣಿಗೆ ಬಿದ್ದಿದ್ದರೂ ಮಣ್ಣಿನ ಪರೀಕ್ಷೆ ಮಾಡಿಸಿ ಎಂದು ಯಾರೂ ಸೂಚಿಸಲಿಲ್ಲ. ಈಸ್ಟನ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ 1984ರಲ್ಲಿ ಬಂದ ತೀರ್ಪು, ಮನೆಯನ್ನು ತಕ್ಕಮಟ್ಟಿಗೆ ಕಣ್ಣಾರೆ ಪರೀಕ್ಷಿಸಿ ಕಂಡದ್ದನ್ನು ಕೊಳ್ಳುವವರಿಗೆ ತಿಳಿಸುವುದು ದಲ್ಲಾಳಿಗಳ ಹೊಣೆಯೆಂದು ಹೇಳಿತು. ನೆಲದಡಿಯ ಮಣ್ಣನ್ನು ಬರಿಗಣ್ಣಿನಿಂದ ನೋಡಬೇಕಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೇಲಿದ್ದ ಸುಳಿವನ್ನು ಕಂಡೂ ಸುಮ್ಮನಿದ್ದದ್ದೇ ತಪ್ಪೆನಿಸಿತು. ತಪಾಸಣೆಯ ವ್ಯಾಪ್ತಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಸಿಗುವುದು ಕಷ್ಟ: ಒಳಗೆ ಅಡಗಿದ್ದನ್ನು ಕಾಣುವುದು ತಪಾಸಣೆಗೆ ಸಾಧ್ಯವಿಲ್ಲ, ಅಡಗಿದ್ದರ ಗುರುತು ಹೊರಗಿದ್ದರೆ ಅದನ್ನು ಹೇಳದೆ ಬಿಡುವುದು ಸಲ್ಲದು.

ನಮ್ಮ ಫ್ಲ್ಯಾಟುಗಳಲ್ಲಿ ಈ ಮಾತು ಹೇಗೆ ಅನ್ವಯಿಸುತ್ತದೆಂದು ತಿಳಿಯಲು ಬಚ್ಚಲುಮನೆಯೊಂದನ್ನೇ ತೆಗೆದುಕೊಳ್ಳಬಹುದು. ತಪಾಸಣೆಗಾರರು ಟೈಲ್ಸುಗಳನ್ನು ಒಂದೊಂದಾಗಿ ತಟ್ಟುತ್ತಾರೆ, ಅಡಿಯಲ್ಲಿ ಗಾರೆ ತುಂಬದ ಕಡೆ ಪೊಳ್ಳು ಸದ್ದು ಬರುತ್ತದೆ. ಬಕೆಟ್ಟಿನಿಂದ ನೀರು ಸುರಿದು ವಾಟ ನೋಡುತ್ತಾರೆ, ನೀರು ಹೊಸ್ತಿಲ ಕಡೆ ಬಾರದೆ ಜಾಲರಿಯತ್ತ ಹರಿಯಬೇಕು. ಬಚ್ಚಲಿಗೆ ಅಂಟಿಕೊಂಡ ಕೋಣೆಯ ಗೋಡೆಯ ಬುಡಕ್ಕೆ ತೇವಮಾಪಕ ಒತ್ತಿ ನೋಡುತ್ತಾರೆ. ಗೀಸರಿನ ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೇ, ಫ್ಲಶ್ ಮಾಡಿದ ನೀರು ಸಲೀಸಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಇಷ್ಟರಲ್ಲೇ ಹಲವು ಕುಂದುಗಳು ಬಯಲಾಗುತ್ತವೆ, ಅವೆಲ್ಲ ಸಾಮಾನು ತಂದಿಡುವ ಮೊದಲೇ ಸುಲಭವಾಗಿ ಸರಿಯಾಗುವಂಥವು. ಆದರೆ ಬಹಳಷ್ಟು ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬು ಉಳಿದ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ಕೊಳವೆಗಳು ಆ ತಗ್ಗಿನಲ್ಲಿ ಹಾದು, ಮೇಲೆ ಇಟ್ಟಿಗೆ ಚೂರೋ ಹಗುರ ಕಾಂಕ್ರೀಟೋ ತುಂಬಿ, ಅದರ ಮೇಲೆ ಟೈಲ್ಸ್ ಬಂದಿರುತ್ತದೆ. ನೀರು ತಡೆಯುವ ವಾಟರ್‌ಪ್ರೂಫಿಂಗ್ ಲೇಪ ಇರುವುದು ಆ ತಗ್ಗಿನ ತಳದಲ್ಲಿ. ಅದು ಗಟ್ಟಿಯಿದೆಯೇ ಎಂದು ತಿಳಿಯಲು ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಮಹಡಿಯಿಂದ ನೋಡಬೇಕು. ಸರಿಯಾಗಿ ಮಾಡುವುದಾದರೆ ತಗ್ಗನ್ನು ತುಂಬುವ ಮೊದಲೇ ಮಾಡಬೇಕು. ಕೀಲಿಕೈ ಕೊಡುವ ದಿನ ಬಂದ ತಪಾಸಣೆಗಾರರಿಗೆ ಆ ಹೊತ್ತು ಯಾವಾಗಲೋ ಮೀರಿರುತ್ತದೆ.

ಮರೆಯಾದದ್ದು ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಗುರುಗ್ರಾಮದ ಘಟನೆ ಸಾಕ್ಷಿ. ಅಲ್ಲಿನ ಸೆಕ್ಟರ್ 109ರ ವಸತಿ ಸಮುಚ್ಚಯದ ಒಂದು ಗೋಪುರದಲ್ಲಿ 2022ರ ಫೆಬ್ರವರಿ 10ರಂದು ಮೇಲಿನ ಮಹಡಿಯ ನೆಲ ಕುಸಿದು, ಒಂದರ ಮೇಲೊಂದರಂತೆ ಕೆಳಗಿನ ಫ್ಲ್ಯಾಟುಗಳೂ ಕುಸಿದು ಇಬ್ಬರು ಮಹಿಳೆಯರು ಜೀವ ಕಳೆದುಕೊಂಡರು. ದೆಹಲಿಯ ಐಐಟಿ ನಡೆಸಿದ ತನಿಖೆಯಲ್ಲಿ ಕಾಂಕ್ರೀಟಿನೊಳಗೇ ಕ್ಲೋರೈಡ್ ಲವಣ ಸೇರಿದ್ದು, ಅದರಿಂದ ಕಬ್ಬಿಣದ ಸರಳುಗಳು ತುಕ್ಕು ತಿಂದದ್ದು ಕಂಡುಬಂತು. ಹೊಸದರಲ್ಲಿ ಈ ದೋಷ ಪುಟ್ಟಿ ಹಚ್ಚಿ ಬಣ್ಣ ಬಳಿದ ಗೋಡೆಯ ಹಿಂದೆ ಪೂರ್ತಿ ಅಡಗಿರುತ್ತದೆ. ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಬಿರಿದು, ಪ್ಲಾಸ್ಟರು ಉದುರಲು ಶುರುವಾದಾಗಷ್ಟೇ ಹೊರಗೆ ಕಾಣುತ್ತದೆ. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಮೊದಲೇ ತಿಳಿಯಬೇಕಾದರೆ ಕಾಂಕ್ರೀಟಿನ ಮಾದರಿ ಕೊರೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅದು ರಚನಾ ಎಂಜಿನಿಯರುಗಳ ಕೆಲಸ, ಇಡೀ ಕಟ್ಟಡಕ್ಕೆ ಸೇರಿದ ಕೆಲಸ. ಒಂದು ಫ್ಲ್ಯಾಟಿನ ತಪಾಸಣಾ ವರದಿ ಓದಿ ಕಟ್ಟಡವೇ ಭದ್ರವೆಂದು ತಿಳಿದುಕೊಳ್ಳುವುದು, ವರದಿ ಎಲ್ಲೂ ಹೇಳದ ಮಾತನ್ನು ಅದರ ಬಾಯಿಗೆ ತುರುಕಿದಂತೆ.

ಮರೆಯಾದದ್ದು ಕಾಣದಿರುವುದು ಮೊದಲ ಮಿತಿಯಾದರೆ, ಎರಡನೆಯ ಮಿತಿ ಕಾಲದ್ದು. ಮಾರ್ಚಿನಲ್ಲಿ ನೋಡಿದ ಮನೆಗೂ ಆಗಸ್ಟಿನಲ್ಲಿ ನೋಡಿದ ಮನೆಗೂ ಬಹಳ ವ್ಯತ್ಯಾಸ. ಬೇಸಗೆಯಲ್ಲಿ ತಾರಸಿ ಒಣಗಿರುತ್ತದೆ, ಸಜ್ಜಾದ ಮೇಲೆ ನೀರು ನಿಲ್ಲುತ್ತದೆಯೇ ಎಂದು ಗೊತ್ತಾಗುವುದಿಲ್ಲ, ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ ಇರಚಲು ಒಳಗೆ ನುಗ್ಗುತ್ತದೆಯೇ ಎಂದೂ ತಿಳಿಯುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅಡಿಪಾಯ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಗೋಡೆಯ ಬಿರುಕು ಬೇಸಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಕೂಡಿಕೊಳ್ಳುವುದುಂಟು. ಒಂದೇ ದಿನ ನೋಡಿದವರಿಗೆ ಕಾಣುವುದು ಒಂದು ಬಿರುಕು ಮಾತ್ರ. ಅದು ಪ್ಲಾಸ್ಟರು ಒಣಗುವಾಗ ಬಂದು ನಿಂತ ಕೂದಲೆಳೆಯೋ, ಇನ್ನೂ ಬೆಳೆಯುತ್ತಿರುವ ಬಿರುಕೋ ಎಂದು ಖಚಿತವಾಗಿ ಹೇಳಲು ಅದರ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ಗಮನಿಸಬೇಕು. ಕಿಟಕಿ ಮೂಲೆಯಿಂದ ಓರೆಯಾಗಿ ಏರಿದ, ಒಂದು ತುದಿಯಲ್ಲಿ ಅಗಲವಾದ ಬಿರುಕನ್ನು ಕಂಡಾಗ ಪ್ರಾಮಾಣಿಕ ವರದಿ ಅದರ ಉದ್ದ, ಅಗಲ, ಜಾಗ, ದಿನಾಂಕ ನಮೂದಿಸಿ ರಚನಾ ಎಂಜಿನಿಯರಿಗೆ ತೋರಿಸಲು ಹೇಳುತ್ತದೆ. ಬರೀ ‘ಸಣ್ಣ ಬಿರುಕು, ಪುಟ್ಟಿ ತುಂಬಿ’ ಎಂದು ಬರೆದರೆ ಮುಂದಿನವರಿಗೆ ಸಿಗಬಹುದಾಗಿದ್ದ ಸುಳಿವೇ ಅಳಿಸಿಹೋಗುತ್ತದೆ.

ಮೂರನೆಯದು ಒಪ್ಪಂದದ ಗಡಿ. ಫ್ಲ್ಯಾಟ್ ಕೊಳ್ಳುವವರು ನಾಲ್ಕು ಗೋಡೆಗಳ ಜೊತೆಗೆ ಲಿಫ್ಟು, ಸಂಪು, ಜನರೇಟರು, ಕೊಳಚೆ ನೀರು ಶುದ್ಧೀಕರಣ ಘಟಕ, ಬೆಂಕಿ ಆರಿಸುವ ವ್ಯವಸ್ಥೆ, ತಾರಸಿ, ನೆಲಮಾಳಿಗೆ ಎಲ್ಲದರಲ್ಲೂ ಪಾಲು ಕೊಳ್ಳುತ್ತಾರೆ. ಒಂದು ಮನೆಗೆಂದು ಗೊತ್ತುಮಾಡಿದ ತಪಾಸಣೆ ಸಾಮಾನ್ಯವಾಗಿ ಮನೆ ಬಾಗಿಲಲ್ಲೇ ನಿಲ್ಲುತ್ತದೆ. ಇನ್ನು ಕಾಗದಪತ್ರ ಬೇರೆಯೇ ಲೋಕ: ಕ್ರಯಪತ್ರ, ಋಣಭಾರ ಪತ್ರ, ಖಾತಾ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ ಇವನ್ನು ನೋಡಬೇಕಾದವರು ವಕೀಲರು. ಗೋಡೆ ಎಷ್ಟೇ ನೆಟ್ಟಗಿದ್ದರೂ ನಕ್ಷೆ ಮೀರಿ ಕಟ್ಟಿದ ಮಹಡಿ ಅಕ್ರಮವೇ. ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರಲ್ಲ ಎಂಬ ಸಮಾಧಾನವೂ ಹಲವರಿಗಿರುತ್ತದೆ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲಕ್ಕೆ ಈ ಆಸ್ತಿ ಸಾಕೇ ಎಂಬುದನ್ನು. ಬಚ್ಚಲು ಸೋರುವುದೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಉಪಕರಣಗಳು ಸುಧಾರಿಸಿದಂತೆ ಈ ಮಿತಿಗಳೆಲ್ಲ ಕರಗುತ್ತವೆ ಎಂದು ಹೇಳುವವರಿದ್ದಾರೆ. ತಪಾಸಣಾ ಸಂಸ್ಥೆಗಳ ಜಾಹೀರಾತುಗಳಲ್ಲಿ ಥರ್ಮಲ್ ಕ್ಯಾಮೆರಾದ ಬಣ್ಣಬಣ್ಣದ ಚಿತ್ರಗಳೇ ಎದ್ದು ಕಾಣುವುದೂ ಇದಕ್ಕೇ. ಉಪಕರಣಗಳಿಂದ ನೋಟ ಹರಿತವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಥರ್ಮಲ್ ಕ್ಯಾಮೆರಾ ತೋರಿಸುವುದು ಗೋಡೆಯ ಮೇಲ್ಮೈಯ ಶಾಖದ ವ್ಯತ್ಯಾಸವನ್ನು. ಒದ್ದೆಯಾದ ಜಾಗ ತಂಪಾಗಿರುವುದರಿಂದ ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಣ ಕಾಲದಲ್ಲಿ ಸೋರದೆ ಇರುವ ಸೋರಿಕೆ ಅದಕ್ಕೂ ಕಾಣದು. ಕಾಂಕ್ರೀಟಿನ ಬಲ ತಿಳಿಯಲು ಬಳಸುವ ರಿಬೌಂಡ್ ಹ್ಯಾಮರಿನ ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚುಕಡಿಮೆ ಆಗಬಹುದೆಂದು 1992ರ ಭಾರತೀಯ ಮಾನಕ ಐಎಸ್ 13311ರ ಎರಡನೆಯ ಭಾಗವೇ ಹೇಳಿತ್ತು. ವಿದ್ಯುತ್ ಫಲಕದಲ್ಲಿದ್ದು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿದಾಗ ಅದು ಟಕ್ಕನೆ ಬಿದ್ದರೆ ಆ ಸ್ವಿಚ್ಚಿನ ಯಂತ್ರ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಮನೆಗೆ ಅರ್ಥಿಂಗ್ ತಂತಿಯೇ ಇಲ್ಲದಿದ್ದರೂ ಆ ಗುಂಡಿ ಕೆಲಸ ಮಾಡುತ್ತದೆ, ಅರ್ಥಿಂಗನ್ನು ಬೇರೆಯಾಗಿಯೇ ಅಳೆಯಬೇಕು. ಹೀಗೆ ಪ್ರತಿ ಉಪಕರಣವೂ ತನ್ನ ಮಿತಿಯನ್ನು ಹೊತ್ತುಕೊಂಡೇ ಬರುತ್ತದೆ. ಅಳತೆಯ ಪಕ್ಕದಲ್ಲಿ ಆ ಮಿತಿಯನ್ನೂ ಬರೆಯದಿದ್ದರೆ ಉಪಕರಣ ಹುಸಿ ಭರವಸೆಗೆ ದಾರಿಯಾಗುತ್ತದೆ.

ಇಷ್ಟೆಲ್ಲ ಕಾಣದೆ ಉಳಿಯುವುದಾದರೆ ತಪಾಸಣೆಗೆ ಹಣ ಏಕೆ ಸುರಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಸಿಗುವುದು ಮನೆಯ ದೋಷಗಳ ಸ್ವಭಾವದಲ್ಲಿ. ಕಟ್ಟಡವೇ ಕುಸಿಯುವ ದೋಷ ಅಪರೂಪ. ಮನೆಮಂದಿಯನ್ನು ವರ್ಷಗಟ್ಟಲೆ ಕಾಡುವುದು ವಾಟ ತಪ್ಪಿದ ಬಾಲ್ಕನಿ, ಪೊಳ್ಳು ಟೈಲ್ಸು, ಅರ್ಥಿಂಗ್ ಇಲ್ಲದ ಪಾಯಿಂಟು, ಸಂದಿ ಮುಚ್ಚದ ಕಿಟಕಿ, ಕಟ್ಟಿಕೊಂಡ ಚರಂಡಿ ಕೊಳವೆ, ಗೋಡೆಯಲ್ಲಿ ಕಾಣುವ ತೇವ. ಇವೆಲ್ಲ ಬಹುಪಾಲು ಕಣ್ಣಿಗೂ ಸರಳ ಉಪಕರಣಕ್ಕೂ ಸಿಕ್ಕುವಂಥವೇ. ಕೋಣೆಗಳನ್ನು ಲೇಸರಿನಿಂದ ಅಳೆದು ಕಾರ್ಪೆಟ್ ಏರಿಯಾವನ್ನು ಕರಾರಿನ ಅಂಕಿಯೊಂದಿಗೆ ತಾಳೆ ನೋಡುವುದೂ ಅರ್ಧ ದಿನದಲ್ಲಿ ಮುಗಿಯುವ ಕೆಲಸ. ಜೀವಕ್ಕೆ ಸಂಚಕಾರ ತರಬಲ್ಲ ವಿದ್ಯುತ್ ದೋಷವೊಂದು ಸಿಕ್ಕರೂ ಕೊಟ್ಟ ಹಣ ಸಾರ್ಥಕ. ಹಾಗಾದರೆ ಅನುಮಾನ ಬಂದ ಕಡೆ ಗೋಡೆ ಕೊರೆದೇ ನೋಡಬಾರದೇಕೆ ಎಂದರೆ, ಆ ಹೊತ್ತಿನಲ್ಲಿ ಮನೆ ಇನ್ನೂ ಮಾರುವವರದ್ದು. ಅವರ ಒಪ್ಪಿಗೆಯಿಲ್ಲದೆ ಮೊಳೆ ಹೊಡೆಯುವುದೂ ತಪ್ಪು. ಹೊಸ ಮನೆಯಲ್ಲಿ ಹಾಗೆ ಕೊರೆದರೆ ವಾಟರ್‌ಪ್ರೂಫಿಂಗೇ ಹಾಳಾಗಿ ಇಲ್ಲದ ಸೋರಿಕೆ ಹುಟ್ಟಿಕೊಳ್ಳಬಹುದು. ಅನುಮಾನ ಬಲವಾಗಿದ್ದರೆ ಮಾರುವವರಿಂದ ಲಿಖಿತ ಒಪ್ಪಿಗೆ ಪಡೆದು, ಒಡೆದದ್ದನ್ನು ಯಾರು ಸರಿಪಡಿಸಬೇಕೆಂದು ಮೊದಲೇ ತೀರ್ಮಾನಿಸಿ, ತಜ್ಞರಿಂದ ಮಾಡಿಸುವುದು ಸರಿಯಾದ ದಾರಿ.

ಇನ್ನೊಂದು ಆಕ್ಷೇಪಣೆ ಕಾನೂನಿನ ಕಡೆಯಿಂದ ಬರುತ್ತದೆ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯಲ್ಲಾಗಲಿ, ಕೆಲಸಗಾರಿಕೆ, ಗುಣಮಟ್ಟ, ಸೌಲಭ್ಯಗಳಲ್ಲಾಗಲಿ ದೋಷ ಕಂಡು ಗಮನಕ್ಕೆ ತಂದರೆ, ಬಿಲ್ಡರು 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಹೀಗಿರುವಾಗ ತಪಾಸಣೆಯ ಗೊಡವೆ ಏಕೆ ಎನ್ನುತ್ತಾರೆ. ಈ ಸೆಕ್ಷನ್ ದೊಡ್ಡ ಆಸರೆ ನಿಜ, ಆದರೆ ಆಸರೆ ಹಿಡಿದು ನಿಲ್ಲಲು ದಾಖಲೆ ಬೇಕು. ಮೂರು ವರ್ಷದ ನಂತರ ಟೈಲ್ಸ್ ಎದ್ದರೆ ನೀವೇ ಭಾರ ಬೀಳಿಸಿದಿರಿ ಎಂಬ ಉತ್ತರ ಬರಬಹುದು. ಆಗ ಕೀಲಿಕೈ ದಿನದ ವರದಿಯಲ್ಲಿ ಅದೇ ಟೈಲ್ಸ್ ಪೊಳ್ಳೆಂದು ಫೋಟೋ ಸಮೇತ ನಮೂದಾಗಿದ್ದರೆ ವಾದ ಅಲ್ಲಿಗೇ ಮುಗಿಯುತ್ತದೆ. ಗುರುಗ್ರಾಮದಲ್ಲಿ ಕಂಡಂಥ ನಿಧಾನದ ದೋಷಗಳು 5 ವರ್ಷದ ಗಡುವು ದಾಟಿದ ಮೇಲೆ ತಲೆಯೆತ್ತುವ ಸಾಧ್ಯತೆಯೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, 500 ಚದರ ಮೀಟರ್ ಮೀರದ ಜಾಗದಲ್ಲಿ ಅಥವಾ 8ಕ್ಕಿಂತ ಹೆಚ್ಚಿಲ್ಲದ ಮನೆಗಳ ಯೋಜನೆಗೆ ರೇರಾ ನೋಂದಣಿಯೇ ಕಡ್ಡಾಯವಲ್ಲ. ಬೆಂಗಳೂರಿನ 30x40 ಅಡಿ ಸೈಟೆಂದರೆ ಸುಮಾರು 111 ಚದರ ಮೀಟರ್, 40x60 ಎಂದರೆ ಸುಮಾರು 223. ಬಡಾವಣೆಗಳ ಇಂಥ ಸೈಟುಗಳಲ್ಲಿ ಎದ್ದ ಮೂರು ನಾಲ್ಕು ಮಹಡಿಯ ಕಟ್ಟಡಗಳಲ್ಲೂ, ಕೈಯಿಂದ ಕೈಗೆ ಹೋಗುವ ಹಳೆಯ ಮನೆಗಳಲ್ಲೂ ಕೊಳ್ಳುವವರ ಬೆನ್ನಿಗಿರುವ ಕಾನೂನು ತೆಳುವು. ತಪಾಸಣೆಯ ಅಗತ್ಯ ಅಲ್ಲೇ ಹೆಚ್ಚು.

ಮಿತಿಯನ್ನು ಒಪ್ಪಿಕೊಂಡರೆ ತಪಾಸಣೆಗಾರರು ಅದರ ಹಿಂದೆ ಅಡಗಿಕೊಳ್ಳುವುದಿಲ್ಲವೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ. ‘ಇದು ಕೇವಲ ನೋಟದ ತಪಾಸಣೆ, ನಾವು ಹೊಣೆಯಲ್ಲ’ ಎಂಬ ಒಂದು ಸಾಲು ಎಲ್ಲವನ್ನೂ ತೊಳೆದುಬಿಡಬಹುದು ಎಂಬ ಭಯ ಸಹಜ. ಇದಕ್ಕೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1989ರಲ್ಲಿ ‘ಸ್ಮಿತ್ ವರ್ಸಸ್ ಎರಿಕ್ ಬುಷ್’ ಪ್ರಕರಣದಲ್ಲಿ ಕೊಟ್ಟ ತೀರ್ಪು ಉತ್ತರ ಹೇಳುತ್ತದೆ. ಸಾಧಾರಣ ಬೆಲೆಯ ಮನೆಯೊಂದರಲ್ಲಿ ಕೆಳಗಿನ ಕೋಣೆಗಳ ಚಿಮಣಿ ಗೋಡೆಯನ್ನು ತೆಗೆದುಹಾಕಲಾಗಿತ್ತು. ಸಾಲ ಕೊಡುವ ಸಂಸ್ಥೆಗಾಗಿ ಮನೆ ನೋಡಿದ ಸರ್ವೇಯರು ಅದನ್ನು ಕಂಡರೂ, ಅಟ್ಟದೊಳಗೆ ಉಳಿದ ಚಿಮಣಿಗೆ ಆಧಾರವಿದೆಯೇ ಎಂದು ಹೋಗಿ ನೋಡಲಿಲ್ಲ. ಕೊಂಡವರು ಆ ವರದಿಯನ್ನು ನಂಬಿ ಮನೆ ತೆಗೆದುಕೊಂಡರು. ಮುಂದೆ ಆ ಚಿಮಣಿ ಚಾವಣಿಯನ್ನು ಸೀಳಿಕೊಂಡು ಕೆಳಗೆ ಬಿತ್ತು. ಹೊಣೆಯಲ್ಲವೆಂಬ ಒಕ್ಕಣೆ ಕಾಗದದಲ್ಲಿದ್ದರೂ ಅದು ನ್ಯಾಯಸಮ್ಮತವಲ್ಲವೆಂದು ತಳ್ಳಿಹಾಕಿದ ನ್ಯಾಯಪೀಠ ಸರ್ವೇಯರನ್ನೇ ಹೊಣೆ ಮಾಡಿತು. ನಮ್ಮ ನ್ಯಾಯಾಲಯಗಳನ್ನು ಈ ತೀರ್ಪು ಕಟ್ಟಿಹಾಕುವುದಿಲ್ಲ, ಆದರೂ ಅದರ ತರ್ಕ ಎಲ್ಲಿಗೂ ಸಲ್ಲುತ್ತದೆ. ಸುಳಿವೇ ಇಲ್ಲದ ಕಡೆ ಮಿತಿ ತಪಾಸಣೆಗಾರರನ್ನು ಕಾಯಬೇಕು. ಸುಳಿವು ಕಂಡ ಮೇಲೂ ಅದರ ಜಾಡು ಹಿಡಿಯದೆ, ಹಿಡಿಯಿರೆಂದು ಹೇಳಲೂ ಇಲ್ಲದೆ ಬಿಟ್ಟವರನ್ನು ಅದು ಕಾಯಬಾರದು. ಹಣ ಪಡೆದು ಮಾಡುವ ತಪಾಸಣೆ ನಮ್ಮಲ್ಲೂ ಸೇವೆಯೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾಲೋಪವನ್ನು ಪ್ರಶ್ನಿಸಲು ಅವಕಾಶವಿದೆ.

ಇದೆಲ್ಲದರಿಂದ ಕೊಳ್ಳುವವರಿಗೆ ದಕ್ಕುವ ವಿವೇಕ ಇಷ್ಟು. ತಪಾಸಣೆಗೆ ಒಪ್ಪುವ ಮೊದಲೇ ಏನು ನೋಡುತ್ತೀರಿ, ಏನು ನೋಡುವುದಿಲ್ಲ, ತಾರಸಿ ಮತ್ತು ನೆಲಮಾಳಿಗೆಗೆ ಹೋಗುತ್ತೀರಾ, ಕೆಳಮನೆಯ ಚಾವಣಿ ನೋಡುತ್ತೀರಾ, ಯಾವ ಅಳತೆ ತೆಗೆಯುತ್ತೀರಿ ಎಂದು ಬರವಣಿಗೆಯಲ್ಲಿ ಪಡೆಯಬೇಕು. ಬಿಲ್ಡರ ಜೊತೆ, ಒಳಾಂಗಣ ವಿನ್ಯಾಸಕರ ಜೊತೆ, ರಿಪೇರಿ ಗುತ್ತಿಗೆದಾರರ ಜೊತೆ ನಿಮಗೆ ವ್ಯವಹಾರವಿದೆಯೇ ಎಂದು ನೇರವಾಗಿ ಕೇಳಬೇಕು, ಏಕೆಂದರೆ ಕುಂದು ಹುಡುಕುವವರಿಗೇ ಅದನ್ನು ಸರಿಪಡಿಸುವ ಗುತ್ತಿಗೆ ಸಿಗುವಂತಿದ್ದರೆ ನೋಟ ಕಲುಷಿತವಾಗುತ್ತದೆ. ವರದಿ ಬಂದಾಗ ‘ನೋಡಲಾಗಲಿಲ್ಲ’ ಎಂದಿರುವ ಪುಟವನ್ನು ಮೊದಲು ಓದಬೇಕು. ಅಂಥ ಪುಟವೇ ಇಲ್ಲದ ವರದಿಯನ್ನು ನಂಬುವುದು ಕಷ್ಟ, ಎಲ್ಲವನ್ನೂ ನೋಡಿದ ತಪಾಸಣೆ ಎಂಬುದು ಎಲ್ಲೂ ಇಲ್ಲ. ಆ ಪುಟದ ಒಂದೊಂದು ಸಾಲನ್ನೂ ಒಂದೊಂದು ಪ್ರಶ್ನೆ ಮಾಡಿ ಬಿಲ್ಡರಿಗೋ ವಕೀಲರಿಗೋ ರಚನಾ ಎಂಜಿನಿಯರಿಗೋ ನಿವಾಸಿಗಳ ಸಂಘಕ್ಕೋ ಕಳಿಸಬೇಕು.

ಆದರೆ ಎಲ್ಲ ಭಾರವನ್ನೂ ಕೊಳ್ಳುವವರ ಜಾಣ್ಮೆಯ ಮೇಲೆ ಹೊರಿಸುವುದು ಸರಿಯಲ್ಲ. ಗೋಡೆಯೊಳಗಿನದನ್ನು ಗೋಡೆ ಮುಚ್ಚುವ ಮೊದಲು ಕಂಡವರು ಕಟ್ಟಿದವರು ಮಾತ್ರ. 150 ಮಿಲಿಮೀಟರ್ ಘನಾಕಾರದ ಕಾಂಕ್ರೀಟ್ ಮಾದರಿಗಳನ್ನು 28 ದಿನಗಳ ನಂತರ ಒತ್ತಿ ನೋಡಿದ ಪರೀಕ್ಷೆಯ ಫಲಿತಾಂಶ, ಬಚ್ಚಲಿನ ತಗ್ಗಿನಲ್ಲಿ ನೀರು ಕಟ್ಟಿ ನೋಡಿದ ದಿನಾಂಕ, ಪ್ಲಾಸ್ಟರಿಗೆ ಮುಂಚೆ ಕೊಳವೆ ಮತ್ತು ವೈರುಗಳು ಹಾದ ಜಾಡಿನ ಫೋಟೋ, ಅಡಿಪಾಯಕ್ಕೆ ಮುನ್ನ ಮಾಡಿದ ಮಣ್ಣಿನ ವರದಿ ಇವೆಲ್ಲ ಒಳ್ಳೆಯ ಕಾಮಗಾರಿಯಲ್ಲಿ ಹೇಗೂ ಹುಟ್ಟುವ ದಾಖಲೆಗಳು. ಸ್ವಾಧೀನದ ನಂತರ ಅಗತ್ಯ ದಾಖಲೆಗಳನ್ನೂ ನಕ್ಷೆಗಳನ್ನೂ ಪಡೆಯುವ ಹಕ್ಕನ್ನು ರೇರಾದ 19(5)ನೇ ಸೆಕ್ಷನ್ ಮನೆ ಕೊಂಡವರಿಗೆ ಈಗಾಗಲೇ ಕೊಟ್ಟಿದೆ. ಮುಚ್ಚಿಹೋದ ಕೆಲಸಗಳ ಈ ದಾಖಲೆಗಳೂ ಆ ಹಕ್ಕಿನಲ್ಲಿ ಸೇರುತ್ತವೆಂದು ನಿಯಮದಲ್ಲಿ ಬಿಡಿಸಿ ಹೇಳಿ, ಕೀಲಿಕೈಯ ಜೊತೆಯಲ್ಲೇ ಕೊಡುವಂತೆ ಮಾಡಿದರೆ ಯಾವ ಕ್ಯಾಮೆರಾಕ್ಕೂ ಸಿಗದ ಸಾಕ್ಷ್ಯ ಕೊಳ್ಳುವವರ ಕೈಗೆ ಬರುತ್ತದೆ. ಅಮೆರಿಕದ ಟೆಕ್ಸಾಸಿನಂಥ ರಾಜ್ಯಗಳಲ್ಲಿ ತಪಾಸಣೆಗಾರರಿಗೆ ಪರವಾನಗಿ ಕಡ್ಡಾಯ, ನಮ್ಮಲ್ಲಿ ಈ ವೃತ್ತಿಗೆಂದೇ ಪರವಾನಗಿ ಕಾಯ್ದೆ ಇಲ್ಲ. ಅಂಥ ಕಾಯ್ದೆ ಬರುವವರೆಗೆ ಕಾಯದೆ, ನೋಡಿದ್ದು, ನೋಡಲಾಗದ್ದು, ಮುಂದೆ ಯಾರಿಗೆ ತೋರಿಸಬೇಕು ಎಂಬ ಮೂರು ಪಟ್ಟಿಗಳಿಲ್ಲದ ವರದಿಗೆ ಹಣ ಕೊಡುವುದಿಲ್ಲವೆಂದು ಕೊಳ್ಳುವವರೂ ನಿವಾಸಿಗಳ ಸಂಘಗಳೂ ಇಂದೇ ಪಟ್ಟು ಹಿಡಿಯಬಹುದು. ಜೀವಮಾನದ ದುಡಿಮೆಯನ್ನೂ ಇಪ್ಪತ್ತು ವರ್ಷದ ಸಾಲವನ್ನೂ ಒಂದು ಮನೆಗೆ ಸುರಿಯುವವರು ಇಷ್ಟನ್ನು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ಇದನ್ನು ಕೊಡಲು ತಪಾಸಣೆಗಾರರಿಗೂ ಕಟ್ಟುವವರಿಗೂ ಬೇಕಾದ್ದು ಹೊಸ ತಂತ್ರಜ್ಞಾನವೇನಲ್ಲ, ತಮ್ಮ ಕೆಲಸ ಎಲ್ಲಿಗೆ ನಿಂತಿತೆಂದು ಬರೆದು ಸಹಿ ಹಾಕುವ ಪ್ರಾಮಾಣಿಕತೆ.